ಘಟ್ಟ ಹತ್ತದ ಕಾರು

ಕಾದ ಎಂಜಿನ್ನಿನ ಮೇಲೆ, ಅದನ್ನು ತಣಿಸುವ ಕೂಲೆಂಟ್ ಚೆಲ್ಲಿದರೆ ಬರುವ ವಾಸನೆ ಗೌತಿಗೆ ಚಿಕ್ಕಂದಿನಿಂದ ಗೊತ್ತು. ಸಕ್ಕರೆ ಪಾಕ ತಳ ಹಿಡಿದಂಥ ಸಿಹಿ ವಾಸನೆ. ಮೆಕ್ಯಾನಿಕ್ ಆಗಿದ್ದ ಅಪ್ಪನ ಅಂಗಿಯಲ್ಲಿ ಅದು ಸದಾ ಇರುತ್ತಿತ್ತು. ಅಪ್ಪ ಎತ್ತಿಕೊಂಡಾಗಲೆಲ್ಲ ಹುಡುಗ ಆ ಅಂಗಿಗೆ ಮೂಗು ಒತ್ತಿಕೊಳ್ಳುತ್ತಿದ್ದ. ಈಗ ಅಪ್ಪನದೇ ಗ್ಯಾರೇಜಿನಲ್ಲಿ, ಹಾಜ್ ಸನೂಸಿಯವರ ಹಳೆಯ ಕಾರಿನ ಬಾನೆಟ್ ಎತ್ತಿ, ಅದೇ ವಾಸನೆಗಾಗಿ ಬಗ್ಗಿದ.

ಇಲ್ಲ. ಒಂಬತ್ತನೆಯ ಶುಕ್ರವಾರವೂ ಇಲ್ಲ. ಆದರೆ ರೇಡಿಯೇಟರಿನಲ್ಲಿ ಎರಡು ಲೀಟರ್ ಕೂಲೆಂಟ್ ಕಡಿಮೆ.

“ಏನಯ್ಯಾ ಉಸ್ತಾದ, ಘಟ್ಟದ ಮೊದಲನೇ ತಿರುವಿಗೇ ಕಾದುಹೋಯ್ತಲ್ಲ,” ಎಂದರು ಹಾಜ್. “ನಿಮ್ಮಪ್ಪ ಆಗಿದ್ರೆ ಸದ್ದು ಕೇಳೇ ಹೇಳ್ತಿದ್ದ. ನೀನು ಬರೀ ಮೂಸ್ತೀಯ.”

“ಅಪ್ಪನ ಕಾಲದಲ್ಲಿ ಈ ಕಾರಿಗೆ ಹರೆಯ, ಹಾಜ್. ನಿಮಗೂ.”

ಹಾಜ್ ನಗಲಿಲ್ಲ. ಪ್ರತಿ ವಾರ ಬಾನೆಟ್ಟಿನೊಳಗೆ ತಲೆ ತೂರಿಸಿ ಅದು ಬಿಚ್ಚು, ಇದು ತಿರುಗಿಸು ಎನ್ನುತ್ತಿದ್ದವರು ಇಂದು ದೂರ ನಿಂತಿದ್ದರು. ಕೈಗಳೆರಡೂ ಉಣ್ಣೆಯ ನಿಲುವಂಗಿಯ ತೋಳುಗಳೊಳಗೆ ಸೇರಿಕೊಂಡಿದ್ದವು.

ಶುಕ್ರವಾರ ಇಡೀ ಅಲ್ಜೀರಿಯಕ್ಕೇ ರಜೆ. ಗೌತಿ ಇವರಿಗಾಗಿಯೇ ನಮಾಜು ಮುಗಿಸಿ ಬಂದು ಷಟರ್ ಎತ್ತುತ್ತಿದ್ದ. ಅದಕ್ಕೆ ಕಾರಣ ಕಾರಿನೊಳಗೆ ಕುಳಿತಿದ್ದರು. ಹಾಜ್ ಅವರ ಹೆಂಡತಿ ಲಲ್ಲಾ ಝುಲೀಖಾ, ಮಡಿಲಲ್ಲಿ ಬಟ್ಟೆ ಸುತ್ತಿದ, ಗೋಧಿ ರವೆಯ ಕುಸ್‌ಕುಸ್ ಬೋಗುಣಿ. ಅದು ಮಗ ಅನ್ವರನಿಗೆ. ಹೋದ ವರ್ಷ ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ಅವನು ಒಂದು ಪುಟ್ಟ ದೋಣಿ ಹತ್ತಿ ಸ್ಪೇನಿನ ಕಡೆ ಹೋದವನು, ಆಮೇಲೆ ಸುದ್ದಿಯಿಲ್ಲ. ಅಲ್ಲಿ ಸಿಕ್ಕಿಬಿದ್ದವರನ್ನು ವಾಪಸು ತರುವ ಹಡಗು ಶುಕ್ರವಾರ ಸಂಜೆ, ಘಟ್ಟದಾಚೆ, ಗಝವಾತ್ ಬಂದರಿಗೆ ಬರುತ್ತಿತ್ತು.

“ಇಳಿದ್ರೂ ನಾಚಿಕೆಗೆ ಮನೆ ಕಡೆ ಮುಖ ಹಾಕಲ್ಲ ಅವನು,” ಎನ್ನುತ್ತಿದ್ದರು ಝುಲೀಖಾ. “ನಾವೇ ಹೋಗಿ ಕೈ ಹಿಡಿದು ಕರೀಬೇಕು. ಇಲ್ಲಾಂದ್ರೆ ಮತ್ತೆ ದೋಣಿ ಹತ್ತಿಬಿಡ್ತಾನೆ. ಈ ಸಲ ಸರಿ ಮಾಡಪ್ಪಾ.”

ನನ್ನ ವ್ಯಾನಿನಲ್ಲಿ ಕರೆದುಕೊಂಡು ಹೋಗುತ್ತೇನೆ ಎಂದು ಗೌತಿ ಎರಡು ಸಲ ಹೇಳಿದ್ದ. ಹಾಜ್ ಸಿಡುಕಿದ್ದರು: “ನನ್ನ ಮಗನ್ನ ಕರ್ಕೊಂಡು ಬರೋಕೆ ಇನ್ನೊಬ್ಬರ ಗಾಡಿ ಬೇಕಾ?”

ಚಳಿಗಾಲವೆಲ್ಲ ಒಂದು ಶುಕ್ರವಾರವೂ ತಪ್ಪದೆ ಆ ಘಟ್ಟ ಹತ್ತಿ ಇಳಿದ ಕಾರು ಅದು. ಬಾದಾಮಿ ಹೂಬಿಟ್ಟ ಮೇಲೆ ಒಂದು ದಿನ ಹಾಜ್ ಯಾವುದೋ ಕಾಗದಪತ್ರದ ಕೆಲಸಕ್ಕೆ ಒಬ್ಬರೇ ಬಂದರಿಗೆ ಹೋಗಿಬಂದರು. ಮರುವಾರದಿಂದ ಈ ಕಾಟ. ಅವತ್ತೇ ಎಂಜಿನ್ನಿಗೆ ಏನೋ ಪೆಟ್ಟಾಗಿದೆ ಎಂದುಕೊಂಡಿದ್ದ ಗೌತಿ.

ಅವನು ಏನೆಲ್ಲ ನೋಡಲಿಲ್ಲ! ಹೋಸ್ ಪೈಪುಗಳನ್ನು ಬದಲಿಸಿದ. ನೀರಿನ ಪಂಪು ಬಿಚ್ಚಿದ. ರೇಡಿಯೇಟರಿಗೆ ಗಾಳಿಯ ಒತ್ತಡ ಕೊಟ್ಟು ಅರ್ಧ ದಿನ ಬಿಟ್ಟರೂ ಮಾಪಕದ ಮುಳ್ಳು ಕದಲಲಿಲ್ಲ. ಆಯಿಲಿನಲ್ಲಿ ನೀರಿಲ್ಲ, ಹೊಗೆಯಲ್ಲಿ ಬಿಳುಪಿಲ್ಲ. ಇಷ್ಟು ಸಲ ಕಾದ ಎಂಜಿನ್ನಿನ ಹೆಡ್ ಸೊಟ್ಟಗಾಗಿರಬೇಕಿತ್ತು. ಬಿಚ್ಚಿ ಉಕ್ಕಿನ ಪಟ್ಟಿ ಇಟ್ಟು ನೋಡಿದರೆ ಕನ್ನಡಿಯ ಹಾಗೆ ಸಮವಾಗಿತ್ತು.

ಸೋರದ ನೀರು ಎಲ್ಲಿಗೆ ಹೋಗುತ್ತದೆ? ಯಾರೋ ತೆಗೆಯಬೇಕು, ಅಷ್ಟೆ.

ಎರಡು ವಾರದ ಹಿಂದೆ ಝುಲೀಖಾ, ಹಾಜ್ ಇಲ್ಲದಾಗ, ಮೆಲ್ಲಗೆ ಅಂದಿದ್ದರು: “ದಾರೀಲೇ ನಿಂತ್ರೆ ಒಂದು ಥರ ಒಳ್ಳೇದೇ ಕಣಪ್ಪಾ. ಎಲ್ಲರೂ ಇಳಿದ ಮೇಲೆ ಖಾಲಿ ಹಡಗು ನೋಡೋದು ತಪ್ಪುತ್ತೆ.” ಆ ಮಾತು ಗೌತಿಯ ತಲೆಯಲ್ಲಿ ಕೂತುಬಿಟ್ಟಿತ್ತು. ಕಳೆದ ಶುಕ್ರವಾರ ಯಾರಿಗೂ ಹೇಳದೆ ರೇಡಿಯೇಟರಿಗೆ ಸೋರಿಕೆ ಹುಡುಕುವ ಹಸಿರು ಬಣ್ಣ ಸುರಿದಿದ್ದ. ಮುಟ್ಟಿದವರ ಉಗುರಿನ ಸಂದಿಯಿಂದ ಮೂರು ದಿನ ಹೋಗದ ಬಣ್ಣ.

ಈಗ ಕಿಟಕಿಯ ಬಳಿ ಬಗ್ಗಿ ಝುಲೀಖಾ ಅವರ ಬೆರಳುಗಳನ್ನು ನೋಡಿದ. ಬೋಗುಣಿಯನ್ನು ತಬ್ಬಿದ್ದ ಬೆರಳುಗಳಲ್ಲಿ ಮದರಂಗಿಯ ಮಾಸಿದ ಕೆಂಪು ಬಿಟ್ಟರೆ ಬೇರೇನೂ ಇರಲಿಲ್ಲ. ಅವನಿಗೆ ತನ್ನ ಬಗ್ಗೆಯೇ ನಾಚಿಕೆಯಾಯಿತು.

“ಸ್ವಲ್ಪ ಇಳೀರಿ ಲಲ್ಲಾ. ಒಳಗಡೆ ಹೀಟರ್ ಸೋರ್ತಿದೆಯಾ ನೋಡಿಬಿಡ್ತೀನಿ.”

ಅವರನ್ನು ನೆರಳಿನ ಕುರ್ಚಿಯಲ್ಲಿ ಕೂರಿಸಿ ಒಳಗೆ ತೂರಿದ. ಕಾಲಡಿಯ ಹಾಸು ಒಣಗಿತ್ತು. ಹೀಟರಿನ ಪೈಪು ಕಾಣಲೆಂದು ಮುಂದಿನ ಸೀಟಿನೆದುರಿನ ಸಣ್ಣ ಪೆಟ್ಟಿಗೆಯ ಸ್ಕ್ರೂ ಬಿಚ್ಚತೊಡಗಿದ.

“ಅದೊಂದು ಬಿಡು,” ಎಂದರು ಹಾಜ್.

ಅಷ್ಟರಲ್ಲಿ ಪೆಟ್ಟಿಗೆ ಕಳಚಿ ಬಂದಿತ್ತು. ಅದರ ಹಿಂದೆ ಒಂದು ಪ್ಲಾಸ್ಟಿಕ್ ಚೀಲ. ಚೀಲದಲ್ಲಿ ಬಂದರು ಕಚೇರಿಯ ದುಂಡು ಮೊಹರಿದ್ದ ಕಾಗದ. ಗೌತಿ ಓದಿದ. ಇದ್ದ ಮಡಿಕೆಯಲ್ಲೇ ಮಡಿಸಿ, ಇದ್ದಲ್ಲೇ ಇಟ್ಟು, ಸ್ಕ್ರೂಗಳನ್ನು ಒಂದೊಂದಾಗಿ ಬಿಗಿದ. ಹೊರಗೆ ಬಂದು ಬಹಳ ಹೊತ್ತು ಕೈ ಒರೆಸಿಕೊಂಡ.

“ಸಿಕ್ತಾ ಮಗಾ?” ಎಂದರು ಝುಲೀಖಾ.

“ಇಲ್ಲ ಲಲ್ಲಾ. ನನ್ನ ಕೈಲಿ ಆಗ್ತಿಲ್ಲ.” ಇಪ್ಪತ್ತೆರಡು ವರ್ಷದ ಕಸುಬಿನಲ್ಲಿ ಯಾರ ಮುಂದೆಯೂ ಆಡದ ಮಾತು ಅದು. “ಹಳೇ ಎಂಜಿನ್ನು. ಮುಂದಿನ ಶುಕ್ರವಾರ ಇನ್ನೊಂದ್ಸಲ ನೋಡೋಣ.”

ಅವರು ಬೈಯಲಿಲ್ಲ. “ಬೇಜಾರು ಮಾಡ್ಕೋಬೇಡ. ನಮ್ಮ ಅನ್ವರ್ ಕಾಯ್ತಾನೆ,” ಎಂದು ಬೋಗುಣಿಯನ್ನು ಗಂಡನ ಕಡೆ ಎತ್ತಿದರು. “ಆರಿಹೋಗುತ್ತೆ, ಈ ಹುಡುಗನಿಗೇ ಕೊಡಿ. ರಜೆ ಬಿಟ್ಟು ದುಡೀತಾನೆ ಪಾಪ.”

ಅನ್ವರ್ ಇನ್ನಿಲ್ಲವೆಂದ ಆ ಕಾಗದವನ್ನು ಒಂಬತ್ತು ವಾರಗಳಿಂದ ಹೆಂಡತಿಗೆ ಕಾಣದಂತೆ ಇಟ್ಟಿದ್ದ ಹಾಜ್, ಕೊನೆಗೂ ನಿಲುವಂಗಿಯ ತೋಳಿನಿಂದ ಕೈಗಳನ್ನು ಹೊರತೆಗೆದು, ಬೋಗುಣಿಯನ್ನು ಗೌತಿಯತ್ತ ಚಾಚಿದರು. ಹತ್ತು ಉಗುರುಗಳ ಸಂದಿಯಲ್ಲೂ ಹಸಿರು.