ಉಗುರುಬೆಚ್ಚಗಿನ ನೀರು

"ಬರೀ ಉಗುರುಬೆಚ್ಚಗೆ!" ಡೆಸ್ಮಂಡ್ ಹಿಂಗ್‌ಸ್ಟನ್ ನಲ್ಲಿಯ ಕೆಳಗಿನಿಂದ ಕೈ ತೆಗೆದು ಮುಖ ಸಿಂಡರಿಸಿದ. "ಇದರಲ್ಲಿ ಮೀನು ಸಾಕಬಹುದು."

ಜುಲೈ ತಿಂಗಳು, ಭೂಮಿಯ ಈ ದಕ್ಷಿಣದ ತುದಿಯಲ್ಲಿ ನಡುಚಳಿಗಾಲ. ಬರ್ನಿ ಊರಿನ ಸಮುದ್ರದ ಕಡೆಯಿಂದ ಬೀಸುವ ಗಾಳಿ ಕಿವಿ ಕೊಯ್ಯುತ್ತಿತ್ತು. ಹಿತ್ತಲಿನ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗೆ ಕೂತಿತ್ತು. ಇಂಥ ಚಳಿಯಲ್ಲಿ ಬಿಸಿನೀರಿನ ಟ್ಯಾಂಕ್ ಕೈಕೊಡಬೇಕೆ? ಅದೂ ಜೀವಮಾನವೆಲ್ಲ ಕಾಗದದ ಮಿಲ್ಲಿನ ಎಲೆಕ್ಟ್ರಿಷಿಯನ್ ಆಗಿದ್ದವನ ಮನೆಯಲ್ಲಿ?

ಹೊರಗೋಡೆಗೆ ಒರಗಿದ್ದ ಆ ಟ್ಯಾಂಕಿನ ಮುಚ್ಚಳವನ್ನು ಅವನು ಆ ವಾರ ಎಷ್ಟು ಸಲ ಬಿಚ್ಚಿದನೋ. ಫ್ಯೂಸು ನೋಡಿದ, ಸರಿಯಿತ್ತು. ನೀರು ಕಾಯಿಸುವ ಕಾಯಿಲ್‌ಗೆ ಮೀಟರ್ ಹಿಡಿದ, ಸರಿಯಿತ್ತು. ಆದರೂ ಹೊಸದು ಹಾಕಿದ. ಬಿಸಿಯ ಮಟ್ಟ ಕಾಯುವ ಥರ್ಮೋಸ್ಟಾಟ್ ಸರಿಯಾಗೇ ಇತ್ತು. ಆದರೂ ಮೇಲಕ್ಕೆ ತಿರುಗಿಸಿದ, ಸಮಾಧಾನವಾಗದೆ ಮತ್ತಷ್ಟು ತಿರುಗಿಸಿದ. ಎಲ್ಲವೂ ಸರಿ, ನೀರೊಂದು ಬಿಟ್ಟು. ಊಟಕ್ಕೆ ಕೂತರೂ ಎದ್ದು ಹೋಗಿ ನಲ್ಲಿಗೆ ಕೈಯೊಡ್ಡಿ ಬರುತ್ತಿದ್ದ.

ಈಗಲೂ ಹಿತ್ತಲಲ್ಲಿ ಟ್ಯಾಂಕಿನ ಮುಂದೆ ನಿಂತಿರುವಾಗ ಸ್ನಾನದ ಮನೆಯ ಕಿಟಕಿ ದಡಾರನೆ ತೆರೆಯಿತು. ಹೆಂಡತಿ ಕೊರಾಲಿ.

"ಡೆಸ್! ಈ ನೀರಿಗೆ ಕೈ ಇಡೋಕಾಗ್ತಿಲ್ಲ!"

"ಗೊತ್ತು ಮಾರಾಯ್ತಿ, ಅದನ್ನೇ ನೋಡ್ತಿದ್ದೀನಿ."

"ನೀನು ನೋಡಿ ನೋಡಿನೇ ಹೀಗಾಗಿರೋದು. ಇನ್ಮೇಲೆ ಮುಟ್ಟಬೇಡ. ಯಾರನ್ನಾದ್ರೂ ಕರೆಸು."

"ಕರೆಸಿ? ಮಿಲ್ಲಿನ ಗೆಳೆಯರೆಲ್ಲ ಸೇರಿ ನಗಲಿ ಅಂತಾನಾ?"

"ಒಂದು ಥರ್ಮಾಮೀಟರ್ ಆದ್ರೂ ಇಟ್ಟು ನೋಡೋ."

"ಇಷ್ಟು ವರ್ಷ ಈ ಕೆಲಸ ಮಾಡಿದ ಕೈ ಇದು. ಇದಕ್ಕಿಂತ ಥರ್ಮಾಮೀಟರ್ ಬೇಕಾ?"

ಕೊರಾಲಿ ಕಿಟಕಿ ಮುಚ್ಚಿದಳು. ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಗೆ ಬಂದಳು. "ನಾನು ಪಕ್ಕದ ಥೆಲ್ಮಾ ಮನೇಲಿ ಸ್ನಾನ ಮಾಡ್ಕೊಂಡು ಬರ್ತೀನಿ." ಗೇಟಿನ ಹತ್ತಿರ ತಿರುಗಿ ನೋಡಿ ನಿಂತಳು. "ಲೋ, ನಿನ್ನ ಇನ್ನೊಂದು ಚಪ್ಪಲಿ ಎಲ್ಲಿ? ಈ ಹಿಮದಲ್ಲಿ ಬರಿಗಾಲಲ್ಲಿ ನಿಂತಿದ್ದೀಯಲ್ಲ!"

ಡೆಸ್ ಬಗ್ಗಿ ನೋಡಿದ. ಹೌದು, ಬಲಗಾಲು ಬರಿದು. ಚಪ್ಪಲಿ ಆಚೆ ನಿಂಬೆ ಗಿಡದ ಬುಡದಲ್ಲಿ ಬಿದ್ದಿತ್ತು. ಕೆಲಸದ ಗುಂಗು, ಅಂದುಕೊಂಡ. ಹೋಗಿ ಮೆಟ್ಟಿಕೊಂಡು ಬಂದ.

ಈಗ ಅನುಮಾನ ಉಳಿದದ್ದು ಒಂದರ ಮೇಲೆ ಮಾತ್ರ. ಟ್ಯಾಂಕಿನಿಂದ ಹೊರಡುವ ಬಿಸಿನೀರಿಗೆ ತಣ್ಣೀರು ಬೆರೆಸಿ ಹದಕ್ಕೆ ತರುವ ಹಿತ್ತಾಳೆಯ ವಾಲ್ವ್. ಅದೇ ಕಳ್ಳ. ಬೇಕಾದ್ದಕ್ಕಿಂತ ಹೆಚ್ಚು ತಣ್ಣೀರು ಬೆರೆಸುತ್ತಿದೆ. ಡೆಸ್ ನೀರು ಬಂದ್ ಮಾಡಿ, ವಾಲ್ವ್ ಬಿಚ್ಚಿ ಬಿಸಾಕಿ, ಆ ಜಾಗಕ್ಕೆ ನೇರ ಪೈಪ್ ಜೋಡಿಸಿ, ನೀರನ್ನು ಮತ್ತೆ ಬಿಟ್ಟ. ಸ್ಪ್ಯಾನರ್ ಒರೆಸುವಾಗ ಅಂಗೈಯಲ್ಲಿ ಬೊಬ್ಬೆಯೊಂದು ಕಂಡಿತು. ಸ್ಪ್ಯಾನರ್ ಒತ್ತಿದ್ದಿರಬೇಕು.

ಅಷ್ಟರಲ್ಲಿ ಕಾರು ಬಂತು. ಮಗಳು ಬ್ರಾನ್ವಿನ್ ಕೂಸನ್ನು ಎತ್ತಿಕೊಂಡೇ ಓಡಿ ಬಂದಳು.

"ಅಪ್ಪ, ಅಮ್ಮ ಎಲ್ಲಿ?"

"ಇಲ್ಲೇ ಥೆಲ್ಮಾ ಮನೇಲಿ. ಈಗ ಬರ್ತಾಳೆ."

"ಹಾಗಾದ್ರೆ ಟಿಲಿನ ನೀನೇ ಹಿಡ್ಕೋ. ಡ್ಯೂಟಿಗೆ ತಡ ಆಯ್ತು. ಕುಂಬಳಕಾಯಿ ತಿನ್ನಿಸಿದೆ, ಅರ್ಧ ಹೊಟ್ಟೆಗೆ ಹೋಯ್ತು, ಅರ್ಧ ತಲೆಗೆ."

ಕಾರು ಹೋಯಿತು. ಹಳದಿ ಮುಖದ ಟಿಲಿ ತಾತನ ಮೂಗು ಹಿಡಿದು ಕೇಕೆ ಹಾಕಿದಳು. ಇನ್ನೂ ವರ್ಷ ತುಂಬದ ಮಗು. ಕುಂಬಳಕಾಯಿ ಕಿವಿಯೊಳಗೂ ಇತ್ತು.

"ನಡಿ ರಾಣಿ, ಅಜ್ಜಿ ಬರೋದ್ರೊಳಗೆ ಫಳಫಳ ಆಗೋಣ. ತಾತನ ಕೈಚಳಕಾನೂ ನೋಡಿದ ಹಾಗಾಯ್ತು."

ಮಗುವನ್ನು ಎಡ ಹೆಗಲಿಗೆ ಒರಗಿಸಿಕೊಂಡು ಬಿಸಿನೀರಿನ ನಲ್ಲಿ ತಿರುಗಿಸಿದ. ಪ್ಲಾಸ್ಟಿಕ್ ಟಬ್ ತುಂಬತೊಡಗಿತು. ಕನ್ನಡಿಗೆ ಮಂಜು ಕವಿಯಿತು. ಹಬೆ ನೋಡಿ ಅವನು ಹಿಗ್ಗಲಿಲ್ಲ. ಹಬೆಗೇನು, ಈ ಚಳಿಯಲ್ಲಿ ಬಾಯಿಂದಲೂ ಬರುತ್ತೆ. ಮಗುವಿನ ವಿಷಯದಲ್ಲಿ ಅವನು ಬಲು ಜೋಪಾನ. ಬಟ್ಟೆ ಬಿಚ್ಚುವ ಮುಂಚೆ ಬಲಗೈಯನ್ನು ನೀರಿಗೆ ಇಳಿಸಿ ಪರೀಕ್ಷಿಸಿದ.

ಉಗುರುಬೆಚ್ಚಗೆ. ಅಷ್ಟೂ ಇಲ್ಲ.

ಇಷ್ಟೆಲ್ಲ ಬಿಚ್ಚಿ ಕಟ್ಟಿದ್ದು ಇದಕ್ಕೇನಾ? ಇದರಲ್ಲಿ ಕೂರಿಸಿದರೆ ಮಗುವಿಗೆ ಶೀತ ಹಿಡಿಯುವುದು ಖಂಡಿತ. ಇನ್ನಷ್ಟು ಬರಲಿ ಎಂದು ನಲ್ಲಿಯನ್ನು ಪೂರ್ತಿ ತಿರುಗಿಸಿ, ಮಣಿಕಟ್ಟಿನ ತನಕ ಕೈಯಿಟ್ಟು ಕಾದ. ಟಿಲಿ ನೀರಿನ ಕಡೆ ಬಾಗಿ ಎರಡೂ ಕೈ ಚಾಚಿ ಕುಣಿದಳು.

"ತಾಳೇ ತಾಳೇ. ಸರಿ, ಇಷ್ಟರಲ್ಲೇ ಮುಗಿಸಿಬಿಡೋಣ."

ನೀರಿನಿಂದ ಕೈ ತೆಗೆದು ಮಗುವಿನ ಅಂಗಿಯ ಗುಂಡಿಗೆ ಹಾಕಬೇಕು, ಅಷ್ಟರಲ್ಲಿ ಬಾಗಿಲಲ್ಲಿ ಕೊರಾಲಿ ನಿಂತಿದ್ದಳು. ತಲೆಗೂದಲು ಇನ್ನೂ ಒದ್ದೆ.

"ಸರಿಯಾದ ಹೊತ್ತಿಗೆ ಬಂದೆ," ಅಂದ ಡೆಸ್. "ಸ್ವಲ್ಪ ಕೈ ಅದ್ದಿ ನೋಡು. ಮಗೂಗೆ ಇಷ್ಟು ಸಾಕಾ? ನನಗಂತೂ ಇನ್ನೂ ತಣ್ಣಗೇ ಅನ್ನಿಸ್ತಿದೆ."

ಕೊರಾಲಿ ಒಂದು ಬೆರಳು ಅದ್ದಿದಳು. ಮರುಕ್ಷಣ ಕಿರುಚಿ, ಟಿಲಿಯನ್ನು ಅವನ ಹೆಗಲಿನಿಂದ ಕಿತ್ತುಕೊಂಡು, ಇನ್ನೊಂದು ಕೈಯಿಂದ ಅವನ ತೋಳನ್ನು ಟಬ್ಬಿನಿಂದ ಎಳೆದು ಹಾಕಿದಳು. ಬೆದರಿದ ಮಗು ಅಳತೊಡಗಿತು. ಕೊರಾಲಿ ಅದರ ಕೈ, ಕಾಲು, ಪಾದ ಒಂದೊಂದನ್ನೂ ತಡವಿ ನೋಡಿದಳು. ಏನೂ ಆಗಿರಲಿಲ್ಲ. ಆಮೇಲೆ ಗಂಡನ ಕೈ ನೋಡಿದಳು. ಮಣಿಕಟ್ಟಿನ ತನಕ ಬೆಂದ ಸೀಗಡಿಯ ಹಾಗೆ ಕೆಂಪಗಾಗಿ, ಬೆರಳ ಸಂದಿಯಲ್ಲಿ ಚರ್ಮ ಸುಲಿಯುತ್ತಿತ್ತು.

"ಡೆಸ್," ಅಂದಳು. "ನಿನಗೆ ಉರೀತಿಲ್ವಾ?"

"ಏನು ಉರಿಯೋದು?" ಅಂದ ಡೆಸ್.