ಕನ್ನಡಿಯಲ್ಲಿ ಸಿಕ್ಕ ಸಿದ್ದರಾಜು

ಮೂವತ್ತೊಂದನೇ ಕಂತಿನ ಶೂಟಿಂಗ್ ದಿನ ಲೈಟ್‌ಮನ್ ಸಿದ್ದರಾಜು ಸೆಟ್‌ನ ಮೇಲಿನ ಹಲಗೆಯಿಂದ ಬಿದ್ದು ಸತ್ತ. ಆ ದಿನ ಅವನು ಕೆಲಸಕ್ಕೆ ಬಂದೇ ಇರಲಿಲ್ಲ ಎಂದು ಕಂಪನಿ ಪೊಲೀಸರಿಗೆ ಬರೆದುಕೊಟ್ಟಿತು.

ಅವನು ಬಿದ್ದದ್ದನ್ನು ಕಂಡವರು ನಲವತ್ತು ಜನ. ನಲವತ್ತು ಜನಕ್ಕೂ ಮರುದಿನ ಕೆಲಸ ಬೇಕಿತ್ತು...

ಅವರಲ್ಲಿ ವಿಮಲಾಕ್ಷಿಯೂ ಒಬ್ಬಳು.

ಆರು ತಿಂಗಳು ಕಳೆಯಿತು. 'ಮರಳಿ ಆ ಗಳಿಗೆ' ಧಾರಾವಾಹಿಯ ಮೊದಲ ಸೀಸನ್ ಭರ್ಜರಿಯಾಗಿ ಮುಗಿಯಿತು. ನಾಯಕ ಕಾಲಯಂತ್ರ ಹತ್ತಿ, ತಂಗಿ ಸತ್ತ ದಿನಕ್ಕೆ ಏಳು ಸಲ ವಾಪಸ್ ಹೋಗುತ್ತಾನೆ... ಅವಳನ್ನು ಉಳಿಸಲು. ಜನ ಟಿವಿ ಮುಂದೆ ಕೂತು ಗಳಗಳ ಅತ್ತರು.

ಆ ಸೀಸನ್ನಿನ ನೆನಪಿಗೆ 'ಹಿನ್ನೋಟ' ಎಂಬ ವಿಶೇಷ ಕಾರ್ಯಕ್ರಮ. ಅದೇ ಸೆಟ್‌ನಲ್ಲಿ ಹೂವಿನ ಅಲಂಕಾರ, ದೊಡ್ಡ ಕೇಕು, ಎಲ್ಲರ ಮುಖಕ್ಕೂ ಮೇಕಪ್ಪು.

ವಿಮಲಾಕ್ಷಿಯದು ಕಂಟಿನ್ಯುಟಿ ಕೆಲಸ, ಅಂದರೆ ಒಂದು ಶಾಟ್‌ನಿಂದ ಇನ್ನೊಂದಕ್ಕೆ ಏನೂ ಬದಲಾಗದಂತೆ ಕಾಯುವುದು. ನಾಯಕ ಏಳು ಸಲ ಬಂದರೂ ಆ ಕೋಣೆಯಲ್ಲಿ ಅದೇ ದಿನ, ಅದೇ ಗಳಿಗೆ. ನೀರಿನ ಲೋಟ ಒಂದು ಬೆರಳು ಸರಿದರೂ ಕಥೆ ಕೆಟ್ಟಂತೆ. ಅದಕ್ಕೇ ಪ್ರತಿ ಶಾಟ್‌ಗೂ ಮೊದಲು ತಾರೀಕು ಬರೆದ ಕ್ಲ್ಯಾಪ್ ಬೋರ್ಡ್ ಇಟ್ಟು ಫೋಟೋ ತೆಗೆದು, ದಪ್ಪ ಆಲ್ಬಮ್ಮಿನಲ್ಲಿ ಅಂಟಿಸುತ್ತಿದ್ದಳು.

ಇವತ್ತು ಆ ಆಲ್ಬಮ್ಮನ್ನು ಕ್ಯಾಮೆರಾ ಮುಂದೆ ತೋರಿಸಬೇಕಂತೆ...

ಮ್ಯಾನೇಜರ್ ದಯಾನಂದ್ ಪಕ್ಕಕ್ಕೆ ಕರೆದ.

"ಮೇಡಂ, ಮೂವತ್ತೊಂದನೇ ಕಂತಿನ ಪುಟ ಒಂದನ್ನ ಹರಿದು ಕೊಟ್ಬಿಡಿ. ಎರಡನೇ ಸೀಸನ್‌ಗೂ ನೀವೇ. ನಮ್ಮನೆಯೋರಿದ್ದ ಹಾಗೆ ನೀವು."

ಆ ಪುಟದಲ್ಲಿ ಏನಿದೆ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು?

ಅವತ್ತು ಕೆಲಸ ಮುಗಿಸಿ ಸಿದ್ದರಾಜು ಕೆಳಗಿಳಿದಿದ್ದ. ಒಂಬತ್ತು ಲೈಟ್‌ಮನ್‌ಗಳಿಗೆ ಇದ್ದದ್ದು ಎರಡೇ ಸೇಫ್ಟಿ ಬೆಲ್ಟು. ತನ್ನದನ್ನು ಬಿಚ್ಚಿ ಇನ್ನೊಬ್ಬನಿಗೆ ಕೊಟ್ಟಿದ್ದ.

ಆಗಲೇ ಅವಳು ಆಲ್ಬಮ್ ನೋಡಿ ಅಂದಿದ್ದಳು... "ಸಿದ್ದು, ನಾಲ್ಕನೇ ಕಂತಲ್ಲಿ ಕಿಟಕಿ ಬಿಸಿಲು ಕುರ್ಚಿ ಕಾಲಿಗೆ ಬಿದ್ದಿತ್ತು ಕಣೋ. ಈಗ ನಾಲ್ಕು ಬೆರಳು ಆಚೆ ಹೋಗಿದೆ."

"ಸೂರ್ಯನ್ನೂ ಬುಡಾಕಿಲ್ವಲ್ಲಕ್ಕ ನೀವು!" ಎಂದು ನಗುತ್ತ ಬೆಲ್ಟಿಲ್ಲದೆಯೇ ಹತ್ತಿದ.

ಕಿಟಕಿಯ ಬಿಸಿಲಾಗಿ ಬೀಳುತ್ತಿದ್ದ ಲೈಟು ತಿರುಗಿಸಿ, "ಈಗ ನೋಡಿ ಅಕ್ಕ" ಎಂದ. ಬಿಸಿಲು ಸರಿಯಾಗಿ ಕುರ್ಚಿ ಕಾಲಿಗೆ ಬಿತ್ತು. ಅವಳು ಫೋಟೋ ತೆಗೆದಳು.

ಆಮೇಲೆ ಅರ್ಧ ನಿಮಿಷ ಅಷ್ಟೇ...

ಆ ಫೋಟೋದಲ್ಲಿ ಕುರ್ಚಿ ಇದೆ, ಬಿಸಿಲು ಇದೆ, ತಾರೀಕು ಇದೆ. ಗೋಡೆಯ ಕನ್ನಡಿಯಲ್ಲಿ, ಮೇಲಿನ ಹಲಗೆಯ ಮೇಲೆ ನಿಂತ ಸಿದ್ದರಾಜು ಇದ್ದಾನೆ. ಸೊಂಟದಲ್ಲಿ ಬೆಲ್ಟಿಲ್ಲ.

"ಐದು ನಿಮಿಷ ಕೊಡಿ ಸಾರ್" ಎಂದು ವಿಮಲಾಕ್ಷಿ ಆಲ್ಬಮ್ ಅಪ್ಪಿಕೊಂಡು ಹೊರಗೆ ಬಂದಳು.

ಗೇಟಿನ ಬಳಿ ಒಬ್ಬ ಹೆಂಗಸು ನಿಂತಿದ್ದಳು. ವಾಚ್‌ಮನ್ ಒಳಗೆ ಬಿಡುತ್ತಿರಲಿಲ್ಲ. ಸಿದ್ದರಾಜುವಿನ ಹೆಂಡತಿ ಚಿಕ್ಕತಾಯಮ್ಮ.

"ನೀವೇ ಅಲ್ವ್ರಾ ವಿಮಲಕ್ಕ? ನಾನು ಇನ್ನೇನೂ ಕೇಳಾಕೆ ಬಂದಿಲ್ಲ ಕನವ್ವ... ಕುಡ್ದು ಎಲ್ಲೋ ಬಿದ್ದು ಸತ್ತ ಅಂತ ಊರಲ್ಲೆಲ್ಲ ಆಡ್ಕೊತಾವ್ರೆ. ಒಂದು ದಿವ್ಸಾನೂ ಬಾಯಿಗೆ ಹಾಕ್ದೋರಲ್ಲ ನಮ್ಮವ್ರು. ಕೆಲ್ಸದ ಮೇಲೆ ಸತ್ರು ಅಂತ ಯಾರಾದ್ರೂ ಒಬ್ರು ಹೇಳ್ಲಿ. ಒಂದೇ ಒಂದು ಮಾತು."

ಆರು ತಿಂಗಳಿಂದ ಯಾರಿಗೂ ಹೇಳದ ಮಾತು ವಿಮಲಾಕ್ಷಿಯ ಬಾಯಿಗೆ ಬಂತು.

"ತಾಯಮ್ಮ... ಅವನನ್ನ ಮೇಲೆ ಹತ್ತಿಸಿದ್ದು ನಾನೇ. ನಾಲ್ಕು ಬೆರಳು ಬಿಸಿಲಿಗೋಸ್ಕರ..."

ಬೈಗುಳಕ್ಕೆ ಕಾದು ತಲೆತಗ್ಗಿಸಿ ನಿಂತಳು.

ಚಿಕ್ಕತಾಯಮ್ಮ ಬೈಯಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ಅಂದಳು...

"ಅವ್ರು ಮನೇಲಿ ಟಿವಿ ಹಾಕಿ, 'ಆ ಬಿಸ್ಲು ನೋಡಮ್ಮಿ, ಅದು ನಂದು' ಅನ್ನೋರು. 'ನಾನು ಮಾಡಿದ್ ಕೆಲ್ಸವ ಕಣ್ಣಿಟ್ಟು ನೋಡೋರು ಅಲ್ಲಿ ಒಬ್ರೇಯ, ವಿಮಲಕ್ಕ' ಅನ್ನೋರು. ಅದ್ಕೇ ಕನವ್ವ ನಿಮ್ಮನ್ನ ಹುಡಿಕ್ಕೊಂಡು ಬಂದಿದ್ದು. ನೀವು ನೋಡಿರ್ತೀರಿ ಅಂತ..."

ವಿಮಲಾಕ್ಷಿ ಅಲ್ಲೇ ಗೇಟಿನ ಕಟ್ಟೆ ಮೇಲೆ ಕುಸಿದು ಕೂತು ಅತ್ತಳು. ಹೌದು, ನೋಡಿದ್ದಳು. ಲೋಟ ಒಂದು ಬೆರಳು ಸರಿದರೂ ಕೂಗುತ್ತಿದ್ದವಳು, ಒಬ್ಬ ಮನುಷ್ಯನನ್ನೇ ಆ ದಿನದಿಂದ ತೆಗೆದುಹಾಕಿದಾಗ ಸುಮ್ಮನಿದ್ದಳು!

ಎದ್ದು, ಆ ಪುಟ ತೆರೆದು ತೋರಿಸಿದಳು. ಕನ್ನಡಿಯಲ್ಲಿದ್ದ ಗಂಡನ ಮುಖದ ಮೇಲೆ ಚಿಕ್ಕತಾಯಮ್ಮ ಬೆರಳಿಟ್ಟಳು. ಸಿದ್ದರಾಜು ನಗುತ್ತಿದ್ದ...

ಇಬ್ಬರೂ ಒಟ್ಟಿಗೆ ಒಳಗೆ ನಡೆದರು. ಈ ಸಲ ವಾಚ್‌ಮನ್ ತಡೆಯಲಿಲ್ಲ.

ಸೆಟ್‌ನಲ್ಲಿ ನಿರೂಪಕಿ ಒಬ್ಬೊಬ್ಬರನ್ನೇ ಕೇಳುತ್ತಿದ್ದಳು... "ಕಾಲಯಂತ್ರ ನಿಮಗೇ ಸಿಕ್ಕರೆ ಯಾವ ದಿನಕ್ಕೆ ಹೋಗ್ತೀರಾ?"

ಒಬ್ಬರು ಬಾಲ್ಯಕ್ಕೆ, ಒಬ್ಬರು ಮದುವೆ ದಿನಕ್ಕೆ. ಚಪ್ಪಾಳೆಯೋ ಚಪ್ಪಾಳೆ.

ದಯಾನಂದ್ ಓಡಿಬಂದ. ಚಿಕ್ಕತಾಯಮ್ಮನನ್ನು ಕಂಡು ಅವನ ಮುಖ ಬಿಳಿಚಿತು.

"ಮೇಡಂ, ಮುಂದಿನ ಸರದಿ ನಿಮ್ದು. ಬೇಗ ಆ ಪುಟ ಹರೀರಿ. ಹೋದೋರು ಹೋದ್ರು, ವಾಪಸ್ ಬರ್ತಾರಾ?"

"ಬರಲ್ಲ ಸಾರ್" ಎಂದಳು ವಿಮಲಾಕ್ಷಿ. "ಆದ್ರೆ ಅವತ್ತು ಅವನು ಕೆಲಸಕ್ಕೆ ಬಂದಿದ್ದ."

"ಹರೀರಿ ಅಂದೆ!"

"ಹರಿಯಲ್ಲ. ಕ್ಯಾಮೆರಾ ಮುಂದೆ ಮೊದಲು ತೆರೆಯೋದೇ ಈ ಪುಟ."

*

ಸತ್ತವರನ್ನು ನಿನ್ನೆಗೆ ಹೋಗಿ ಉಳಿಸಲಾಗದು... ಆದರೆ ಅವರು ಇರಲೇ ಇಲ್ಲ ಎನ್ನುವ ಸುಳ್ಳಿಗೆ ಇವತ್ತೇ ಅಡ್ಡ ನಿಲ್ಲಬಹುದು.

ನೀವು ಕಣ್ಣಾರೆ ಕಂಡೂ ಸುಮ್ಮನಾದ ಆ ಒಂದು ದಿನ ಯಾವುದು...?