ಅಪ್ಪನ ಫಿಯೆಟ್‌ಗೆ ಹೊಸ ಮೂತಿ

ಮೊದಲು ಬಂಪರ್ ಹೋಯಿತು. ಆಮೇಲೆ ಗ್ರಿಲ್. ಎಡಗಡೆಯ ಒಡೆದ ಹೆಡ್‌ಲೈಟನ್ನು ಮಧುಕುಮಾರ್ ಸುತ್ತಿಗೆಯಿಂದ ಪುಡಿ ಮಾಡಿ, ಗೋಣಿಚೀಲಕ್ಕೆ ತುಂಬಿ ಕಪಿಲಾ ಹೊಳೆಗೆ ಎಸೆದು ಬಂದ. ಗ್ರಿಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ನೀಲಿ ಚೌಕಳಿ ಬಟ್ಟೆಯ ಚೂರು ಅಷ್ಟರಲ್ಲಾಗಲೇ ಬಚ್ಚಲ ಒಲೆಯಲ್ಲಿ ಬೂದಿಯಾಗಿತ್ತು.

ಸೋಮವಾರದೊಳಗೆ ಕಾರಿನ ಮೂತಿ ಬದಲಾಗಬೇಕಿತ್ತು. ಅಂದು ಗುರುವಾರ.

ಬೆಳಿಗ್ಗೆ ಠಾಣೆಯಿಂದ ಹೆಡ್ ಕಾನ್‌ಸ್ಟೆಬಲ್ ರಂಗನಾಯಕ ಫೋನ್ ಮಾಡಿದ್ದರು. ಮಂಗಳವಾರ ಮುಸ್ಸಂಜೆ ಹದಿನಾರು ಗ್ರಾಮದ ರಸ್ತೆಯಲ್ಲಿ ಹೂ ಮಾರುವ ಮುತ್ತಮ್ಮನಿಗೆ ಯಾವುದೋ ಬಿಳಿ ಗಾಡಿ ಗುದ್ದಿ, ನಿಲ್ಲಿಸದೆ ಹೋಗಿತ್ತು. ಮುದುಕಿ ಮೈಸೂರಿನ ಆಸ್ಪತ್ರೆಯಲ್ಲಿ ಕಣ್ಣೇ ಬಿಟ್ಟಿರಲಿಲ್ಲ. ಸುತ್ತಮುತ್ತ ಬಿಳಿ ಗಾಡಿ ಇಟ್ಟುಕೊಂಡವರೆಲ್ಲ ಸೋಮವಾರ ಠಾಣೆಗೆ ತಂದು ತೋರಿಸಬೇಕು.

ಬಿಳಿ ಫಿಯೆಟ್ ಅರವತ್ತನಾಲ್ಕನೇ ಇಸವಿಯದು. ಅಪ್ಪ ಚಿಕ್ಕಮಾದು ಬಿಟ್ಟುಹೋದದ್ದು. ಟಾಪ್ ಕತ್ತರಿಸಿ ಹಳೇ ಕಾಲದ ರೇಸ್ ಕಾರು ಮಾಡೋಣ, ಮೈಸೂರಿನ ರ‍್ಯಾಲಿಗೆ ಹೋಗೋಣ ಎಂದು ಗೆಳೆಯ ರಘು ವರ್ಷಗಳಿಂದ ಪೀಡಿಸುತ್ತಿದ್ದ. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಮಧುವಿಗೆ ಅದೇನು ಬಾರದ ವಿದ್ಯೆಯಲ್ಲ. ಆದರೆ ಅವನದು ಒಂದೇ ಹಟ: ಅಪ್ಪನ ಗಾಡಿಗೆ ಗರಗಸ ತಾಗಬಾರದು.

ಶುಕ್ರವಾರ ಶೆಡ್ಡಿಗೆ ಬಂದ ರಘು ಬಾಗಿಲಲ್ಲೇ ನಿಂತುಬಿಟ್ಟ.

"ಏನ್ಲಾ, ಗರಗಸ ಆಕಲ್ಲ ಅಂತಿದ್ದೋನು ಗ್ರೈಂಡರೇ ಇಡ್ಕೊಂಡಿದೀಯಲ್ಲ!"

"ಮನ್ಸು ಬದಲಾಯ್ತು ಕಣ್ಲಾ."

"ಅದ್ಕೆ ಇಷ್ಟು ಅವಸ್ರನಾ? ರ‍್ಯಾಲಿ ಇರೋದು ಮುಂದಿನ ತಿಂಗ್ಳು."

"ಸೋಮವಾರದೊಳ್ಗೆ ಬಣ್ಣ ಒಣಗ್ಬೇಕು." ಮಧು ತಲೆ ಎತ್ತಲಿಲ್ಲ. ಗ್ರೈಂಡರ್ ಕಿರುಚಿತು. ರಘು ಇನ್ನೇನೋ ಕೇಳಿದ್ದು ಆ ಸದ್ದಿನಲ್ಲಿ ಮುಳುಗಿತು.

ಅಪ್ಪನ ತಲೆ ತಾಗಿ ತಾಗಿ ಟಾಪಿನ ಒಳಹೊದಿಕೆಯ ಮೇಲೆ ಎಣ್ಣೆಯ ಕಲೆ ಬಿದ್ದಿತ್ತು. ಅಲ್ಲಿಗೆ ಬಂದಾಗ ಮಧು ಗ್ರೈಂಡರ್ ನಿಲ್ಲಿಸಿದ. ಕಣ್ಣೊರೆಸಿಕೊಂಡು ಮತ್ತೆ ಕೊಯ್ದ. ಮಡ್‌ಗಾರ್ಡುಗಳನ್ನು ಕಿತ್ತ. ಮರಳುಮೂಟೆಯ ಮೇಲೆ ಅಲ್ಯೂಮಿನಿಯಂ ತಗಡು ಬಡಿದು ಬಡಿದು ಉದ್ದನೆಯ ಹೊಸ ಮೂತಿ ಮಾಡಿದ. ವೆಲ್ಡಿಂಗ್ ಕಿಡಿಗೆ ಮುಂಗೈ ಸುಟ್ಟು ಬೊಬ್ಬೆ ಎದ್ದಿತು. ಅದಕ್ಕೊಂದು ಬಟ್ಟೆ ಸುತ್ತಿ, ಬಾನೆಟ್ಟಿನ ಮೇಲೆ ಚರ್ಮದ ಪಟ್ಟಿ ಬಿಗಿದ. ಹೊರಗಿನವರ ಕಣ್ಣಿಗೆ ಅದು ಹುಚ್ಚು ಹವ್ಯಾಸ.

ಹೆಂಡತಿ ರಾಣಿ ಶಾಲೆಗೆ ರಜೆ ಹಾಕಿ ಮನೆಯಲ್ಲೇ ಇದ್ದಳು. ಶನಿವಾರ ಮಧ್ಯಾಹ್ನ ಊಟದ ತಟ್ಟೆ ತಂದವಳು ಅದನ್ನು ಕೆಳಗಿಡಲು ಮರೆತು ನಿಂತಳು.

"ರೀ, ಇಷ್ಟೆಲ್ಲಾ ಮಾಡಿದ್ರೆ ಸರಿಹೋಗುತ್ತಾ?"

"ಇನ್ನು ಗುರುತು ಸಿಗಲ್ಲ."

"ಗಾಡಿ ಗುರುತು ಸಿಗದಿದ್ರೆ ಆಯ್ತಾ?"

ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡುವ ಧೈರ್ಯ ಮಧುವಿಗೆ ನಾಲ್ಕು ದಿನಗಳಿಂದ ಇರಲಿಲ್ಲ. ತಟ್ಟೆ ತೆಗೆದುಕೊಂಡು ಪಕ್ಕಕ್ಕಿಟ್ಟ. ಸಂಜೆಗೆ ಅನ್ನ ಹಾಗೆಯೇ ಒಣಗಿತ್ತು.

ಭಾನುವಾರ ಕಾರು ಕಡುಹಸಿರಾಯಿತು. ಬಾಗಿಲ ಮೇಲೆ ಬಿಳಿಯ ವೃತ್ತ ಬರೆದು, ಅದರೊಳಗೆ ಏಳು ಎಂಬ ಅಂಕಿ ತಿದ್ದುತ್ತಿದ್ದಾಗ ಬೈಕೊಂದು ಮನೆಯ ಮುಂದೆ ನಿಂತಿತು. ರಂಗನಾಯಕ. ಮಧುವಿನ ಕೈಯಲ್ಲಿದ್ದ ಕುಂಚ ಅಂಕಿಯ ಬಾಲವನ್ನು ಉದ್ದಕ್ಕೆ ಎಳೆದುಬಿಟ್ಟಿತು.

ರಂಗನಾಯಕ ಕಾರನ್ನು ಒಂದು ಸುತ್ತು ಹಾಕಿದರು. ಮೂತಿಯ ಎದುರು ಬಂದು, ಬಾಗಿ, ಬೆರಳಿನಿಂದ ತಗಡನ್ನು ತಟ್ಟಿದರು.

"ಬಿಳಿ ಗಾಡಿ ಎಲ್ಲಪ್ಪಾ?"

"ಇದೇ ಸಾ. ರ‍್ಯಾಲಿಗೆ ಅಂತ..."

"ಮಂಗಳವಾರ ಎಲ್ಲಿತ್ತು?"

"ಶೆಡ್ನಲ್ಲೇ ಇತ್ತು ಸಾ. ಯಾರೂ ಮುಟ್ಟಿಲ್ಲ."

ಬಾಗಿಲಲ್ಲಿ ನಿಂತಿದ್ದ ರಾಣಿ ಗೋಡೆ ಹಿಡಿದುಕೊಂಡಳು. ರಂಗನಾಯಕ ಟೋಪಿ ತೆಗೆದು ಬೆವರು ಒರೆಸಿಕೊಂಡು ನಕ್ಕರು.

"ಎದ್ರುಕೋಬ್ಯಾಡ ಕಣಪ್ಪ. ನಾಳೆ ಗಾಡಿ ತರೋದ್ ಬ್ಯಾಡ ಅಂತ ಏಳೋಕ್ ಬಂದೆ. ಗುದ್ದಿದೋನು ಸಿಕ್ದ. ಬಿಳಿ ವ್ಯಾನ್ನೋನು, ಅವನೇ ಬಂದು ಒಪ್ಕೊಂಡ. ರಸ್ತೇಲಿ ಬಿದ್ದಿದ್ದ ಗಾಜೂ ತಾಳೆ ಆಯ್ತು. ಮುತ್ತಮ್ಮನೂ ಕಣ್ ಬಿಟ್ಟವ್ಳೆ."

ಬೈಕಿನ ಸದ್ದು ದೂರವಾಯಿತು. ಮಧು ಬಣ್ಣದ ಡಬ್ಬಿಯ ಪಕ್ಕದಲ್ಲೇ ನೆಲಕ್ಕೆ ಕುಸಿದ. ಅಳುತ್ತಿದ್ದಾನೋ ನಗುತ್ತಿದ್ದಾನೋ ಅವನಿಗೇ ತಿಳಿಯಲಿಲ್ಲ.

ಕಳೆದ ಮಂಗಳವಾರ ಅವನು ಕೆಲಸ ಮುಗಿಸಿ ಬೈಕಿನಲ್ಲಿ ಬಂದಾಗ ಫಿಯೆಟ್ ಶೆಡ್ಡಿನಲ್ಲಿತ್ತು. ಬಾನೆಟ್ ಇನ್ನೂ ಬಿಸಿ. ಮೂತಿ ಜಜ್ಜಿಹೋಗಿತ್ತು. ಕಾರು ತೆಗೆದುಕೊಂಡು ನರಸೀಪುರದ ಅಕ್ಕನ ಮನೆಗೆ ಹೋಗಿದ್ದ ರಾಣಿ ಬಚ್ಚಲಲ್ಲಿ ಉರಿಯುವ ಒಲೆಯ ಪಕ್ಕ ಕೂತು ಕೈ ತೊಳೆಯುತ್ತಲೇ ಇದ್ದಳು. ಅವನು ಏನೂ ಕೇಳಲಿಲ್ಲ. ಅವಳು ಏನೂ ಹೇಳಲಿಲ್ಲ. ಮಾರನೆಯ ದಿನ ಪೇಪರಿನಲ್ಲಿ ಮುತ್ತಮ್ಮನ ಸುದ್ದಿ ಓದಿ ಗ್ರೈಂಡರ್ ಹುಡುಕಿದ್ದ, ಅಷ್ಟೆ. ಅಪ್ಪನ ಕಾರು ಹೋದರೆ ಹೋಗಲಿ, ಹೆಂಡತಿ ಉಳಿಯಲಿ ಎಂದು.

"ನೀನಲ್ಲ ಕಣೇ ರಾಣಿ!" ಅವಳ ಎರಡೂ ಕೈ ಹಿಡಿದುಕೊಂಡ. "ನಾನೊಬ್ಬ ದಡ್ಡ, ಒಂದ್ ಮಾತು ಕೇಳ್ಬೋದಿತ್ತು. ಮುತ್ತಮ್ಮಂಗೆ ಗುದ್ದಿದ್ದು ನೀನಲ್ಲ!"

ರಾಣಿ ನಗಲಿಲ್ಲ. ಅವಳ ಮುಖದಲ್ಲಿದ್ದ ಬಣ್ಣವೂ ಹೋಯಿತು.

"ರೀ... ಹಂಗಾದ್ರೆ ಅವತ್ತು ನಮ್ ಕಾರಿಗೆ ಸಿಕ್ಕಿ ನಾಲೆಗೆ ಬಿದ್ದೋರು ಯಾರು?"